ಹದಿನೈದು ಬೆಳ್ಳಿ, ಒಂದೂವರೆ ಚೀಲ

ತಪಸ್ಸು ಕಾಲದ ಮೂರನೇ ಭಾನುವಾರ
ಫಾದರು ಹೊಶೇಯನ ಕಥೆ ಹೇಳಿದರು.
ಬಿಟ್ಟು ಹೋದ ಹೆಂಡತಿಯನ್ನು
ಹದಿನೈದು ಬೆಳ್ಳಿ ಎಣಿಸಿ
ಒಂದೂವರೆ ಚೀಲ ಜವೆಗೋಧಿ ಅಳೆದುಕೊಟ್ಟು
ಬಿಡಿಸಿಕೊಂಡು ಬಂದ ಪ್ರವಾದಿ.
ಆ ಗಂಡ ದೇವರು, ಆ ಹೆಂಡತಿ ನಾವು, ಎಂದರು.
ಎಡಗಡೆ ಹೆಂಗಸರೆಲ್ಲ ತಲೆ ತಗ್ಗಿಸಿದೆವು.
ಬಲಗಡೆ ಗಂಡಸರು
ಫ್ಯಾನಿನ ಕೆಳಗೆ ಸರಿದು ಕೂತರು.

ನನಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ.
ನಮ್ಮ ಮನೆಯ ಗೋಮೆರಳು
ಬಲಗಡೆ ನಾಲ್ಕನೇ ಬೆಂಚಿನ ತುದಿಯಲ್ಲಿ
ಮೀಸೆ ತಿದ್ದಿಸಿಕೊಂಡು ಕೂತಿದ್ದಳು.

ಚೌರಪ್ಪ. ಹಾಸನದ ಆಲೂಗಡ್ಡೆ ಮಂಡಿಯ ತೂಕದವನು.
ಕ್ವಿಂಟಾಲಿಗೆ ನೂರು ಗ್ರಾಂ ಆಚೀಚೆ ಮಾಡದವನು
ಎರಡು ವರ್ಷ ಅರಸೀಕೆರೆಯಲ್ಲಿ
ಇನ್ನೊಂದು ಮನೆಗೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದ.
ಆಮೇಲೆ ಆ ಮನೆಯೂ ಹೊರಗಿನಿಂದ ಚಿಲಕ ಹಾಕಿತು.
ಕೊಬ್ಬರಿ ಗೋದಾಮಿನ ಹಿಂದೆ, ಸಾಲದವನ ಕಾವಲಲ್ಲಿ
ಚೀಲದ ಮೇಲೆ ಮಲಗಿದ್ದ.

ಹೋದವಳು ನಾನು.
ಹದಿನೈದಲ್ಲ, ಹತ್ತೊಂಬತ್ತು ಸಾವಿರ.
ಅಮ್ಮನ ಕಾಲ್ಕಡಗ, ಸೆಲಿನ್‌ಳ ಗೆಜ್ಜೆ,
ಜವೆಗೋಧಿ ಎಲ್ಲಿಂದ ಬರಬೇಕು, ರಾಗಿ ಮಾರಿದೆ.
ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಬಂದೆವು.
ದುದ್ದ ದಾಟುವವರೆಗೂ ಮಾತಿಲ್ಲ.
'ಇವರು' ಹೋಗಿ 'ಅವನು' ಆಗಿದ್ದು ಯಾವಾಗಲೋ,
ಆ ದಿನವೂ ತಿರುಗಿ ಬರಲಿಲ್ಲ.

ಹೊಶೇಯ ತನ್ನ ಮಗಳಿಗೆ
'ಕರುಣೆ ಸಿಗದವಳು' ಎಂದು ಹೆಸರಿಟ್ಟನಂತೆ,
ಮಗನಿಗೆ 'ನನ್ನ ಜನವಲ್ಲ'.
ಇದನ್ನು ಫಾದರು ಬೇಗ ಬೇಗ ದಾಟಿಸಿದರು.
ನಾನು ಅಲ್ಲೇ ನಿಂತೆ.
ಸ್ಕೂಲಲ್ಲಿ ಹಾಜರಿ ಕರೆಯುವಾಗ ಏನಾಗಿರಬಹುದು?
ಕರುಣೆ ಸಿಗದವಳೇ,
ಬಂದಿದ್ದೀನಿ ಮಿಸ್.
ನಮ್ಮ ಸೆಲಿನ್ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ
ಒಂದು ಚುಕ್ಕೆ ಇಟ್ಟು ಬಂದಿದ್ದಳು.
ದೊಡ್ಡವರ ಪಾಠಕ್ಕೆ ಮಕ್ಕಳು ಹಲಗೆ.

ಇನ್ನೊಂದು ಉಂಟು, ಪಾಪನಿವೇದನೆಯಲ್ಲೂ ಹೇಳಿಲ್ಲ.
ಅವನು ಹೋದ ವರ್ಷ ಆಶ್ವೀಜದಲ್ಲಿ
ಹಾಸನಾಂಬೆಯ ಬಾಗಿಲು ತೆಗೆದರು.
ಬಾ ಲೂರ್ದಮ್ಮ, ಯಾರಿಗೆ ಗೊತ್ತಾಗುತ್ತೆ, ಎಂದಳು
ಪಕ್ಕದ ಮನೆಯ ಪುಟ್ಟತಾಯಮ್ಮ.
ಜಪಸರ ರವಿಕೆಯೊಳಗೆ ಬಿಟ್ಟುಕೊಂಡು
ರಾತ್ರಿ ಎರಡರ ಸಾಲಿನಲ್ಲಿ ನಿಂತೆ.
ಶಿಲುಬೆಯ ಮೂಲೆ ಎದೆಗೆ ಚುಚ್ಚುತ್ತಿತ್ತು.
ಯಾರು ಕೊಟ್ಟರೂ ಸರಿ, ತಿರುಗಿ ಬರಲಿ, ಎಂದೆ.
ಹೋದ ವರ್ಷ ಹಚ್ಚಿದ ದೀಪ
ಮುಚ್ಚಿದ ಬಾಗಿಲೊಳಗೆ ಇನ್ನೂ ಉರೀತಿದೆ
ಎಂದರು ಸಾಲಿನವರು.
ನನಗೆ ಕಂಡದ್ದು ಮುಂದಿನವಳ ಬೆನ್ನು,
ಅದರ ಮೇಲೆ ನಿದ್ದೆ ಹೋದ ಮಗು.

ಆಮೇಲೆ ನಾಚಿಕೆಗೆ
ಚರ್ಚಿನ ದಾರಿ ತಪ್ಪಿಸಿ ಮಾರ್ಕೆಟ್ಟಿಗೆ ಹೋಗುತ್ತಿದ್ದೆ.
ಈಗ ನೋಡಿದರೆ ಪೀಠದ ಪಕ್ಕ
ಕೆಂಪು ಗಾಜಿನೊಳಗೆ ಅದೇ ಸಣ್ಣ ದೀಪ.
ನಾನು ಬಾರದ ಭಾನುವಾರಗಳಲ್ಲೂ ಇತ್ತೇನೋ.
ಯಾರೋ ಎಣ್ಣೆ ಹಾಕಿರಬೇಕು.
ತಲೆ ತಗ್ಗಿಸಿದ್ದು ಸರಿಯೇ ಆಯಿತು ಅನ್ನಿಸಿತು.
ಬಲಗಡೆಯೂ ಗೋಮೆರಳು, ಎಡಗಡೆಯೂ.

ಬಿಡಿಸಿ ತರುವುದು ಒಂದು ದಿನದ ಕೆಲಸ, ಹೊಶೇಯ.
ಬೆಳ್ಳಿ ಇದ್ದರೆ ಆಯಿತು.
ಆಮೇಲೆ ಬಹಳ ದಿನ ಜೊತೆಗೆ ಸುಮ್ಮನೆ ಇದ್ದೆಯಂತಲ್ಲ,
ಎಷ್ಟು ದಿನ? ಅದನ್ನು ಯಾರೂ ಬರೆದಿಡಲಿಲ್ಲ.
ಇಲ್ಲಿ ಹನ್ನೊಂದು ತಿಂಗಳು.
ಅವನು ಹಜಾರದಲ್ಲಿ ಮಲಗುತ್ತಾನೆ.
ತನ್ನ ತಟ್ಟೆ ತಾನೇ ತೊಳೆದು
ನನ್ನ ತಟ್ಟೆಯ ಪಕ್ಕ, ತಾಗದ ಹಾಗೆ, ಇಡುತ್ತಾನೆ.

ಪೂಜೆ ಮುಗಿಯಿತು. ಗೇಟಿನ ಹೊರಗೆ ಅವನ ಟಿವಿಎಸ್ಸು.
ಬಿಸಿಲಿಗೆ ಕಾದ ಸೀಟನ್ನು ಅಂಗೈಯಲ್ಲಿ ಒರೆಸಿದ.
ಹತ್ತಿದೆ. ಹಿಂದಿನ ಕಂಬಿ ಹಿಡಿದುಕೊಂಡೆ.
ಡೈರಿ ಸರ್ಕಲ್ ಹತ್ತಿರ ಹಂಪು ಬಂದಾಗ
ಬಾಯಿಂದ ಜಾರಿತು:
"ನಿಧಾನ ಕಣ್ರೀ."
ಕೇಳಿಸಿತೋ ಇಲ್ಲವೋ.
ಆ ಗಾಡಿಯ ಸೈಲೆನ್ಸರು ಒಡೆದು ವರ್ಷವಾಯಿತು.