ಗ್ರಾಂ ಲೆಕ್ಕ

ಅಡುಗೆಮನೆಯ ಮೇಜಿನ ಮೇಲೆ ಹಾಸಿದ್ದೇವೆ ತಿಯಾನ್ ಶಾನ್ ಬೆಟ್ಟಗಳನ್ನು.
ಸೇನೆಯವರ ಹಳೆಯ ನಕ್ಷೆ; ಮಡಿಕೆ ಸವೆದು
ಒಂದು ಕಣಿವೆ ಪೂರ್ತಿ ತೂತಾಗಿದೆ.
ನಾಲ್ಕು ಮೂಲೆಗೆ ನಾಲ್ಕು ಭಾರ:
ಜಾಮಿನ ಬಾಟಲಿ, ಉಪ್ಪಿನ ಡಬ್ಬಿ, ಪಾನಾ,
ತಂಗಿಯ ಮಗಳು ಬೆಗಾಯಿಮಳ ಮೊಣಕೈ.

ನಾರಿನ್ ಊರಲ್ಲಿ ಜೂನ್ ಅಂದರೆ ಇನ್ನೂ ಸ್ವೆಟರು.
ಮೇಲಿನ ಘಾಟಿಯಲ್ಲಿ ಹಿಮ ಬಿಟ್ಟಿದೆಯೋ ಇಲ್ಲವೋ
ಕುರಿ ಕಾಯುವವರನ್ನೇ ಕೇಳಬೇಕು.

ಮೊದಲ ದಿನ ಐವತ್ತೆಂಟು ಕಿಲೋಮೀಟರು, ಎನ್ನುತ್ತಾಳೆ.
ಕಿಲೋಮೀಟರು ಬಿಡು, ಗೆರೆ ಎಣಿಸು, ಎನ್ನುತ್ತೇನೆ.
ಗೆರೆಗಳು ಒತ್ತೊತ್ತಾದಲ್ಲೆಲ್ಲ
ಉಸಿರು ದೂರ ದೂರ.

ಪಕ್ಕದ ಮನೆಯ ಕಾಸಿಂಬೆಕ್ ಬೈಕೆ,
ಮೂವತ್ತು ವರ್ಷ ಲಾರಿ ಓಡಿಸಿದವನು,
ಚಹಾಕ್ಕೆಂದು ಬಂದು, ನಿಂತೇ, ಕನ್ನಡಕವೂ ಇಲ್ಲದೆ
ಒಂದು ಸೇತುವೆಯನ್ನು ಉಗುರಿನಿಂದ ಕೆರೆದು ಹಾಕಿದ.
"ಇದು ಕೊಚ್ಚಿಹೋಗಿ ಎಂಟು ವರ್ಷ.
ಬೆಳಿಗ್ಗೆ ಆರಕ್ಕೆ ಹೊಳೆ ದಾಟಿ. ಮಧ್ಯಾಹ್ನವಾದರೆ
ಮೇಲೆ ಹಿಮ ಕರಗಿ ಅದಕ್ಕೆ ಸೊಕ್ಕು ಬಂದಿರುತ್ತದೆ."
ಎರಡು ಬೋರ್ಸೋಕ್ ಬಾಯಿಗೆ ಹಾಕಿಕೊಂಡು
ತನ್ನ ಬೆನ್ನುನೋವಿನ ಕಥೆಗೆ ಹೊರಳಿದ.

ತರಕಾರಿ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿದೆವು.
ಇಬ್ಬರ ಡೇರೆ ಸಾವಿರದ ಮುನ್ನೂರು. ಸ್ಲೀಪಿಂಗ್ ಬ್ಯಾಗು ಒಂಬೈನೂರು.
ಎರಡು ಟ್ಯೂಬು, ತೇಪೆ, ಚೈನಿನ ಒಂದು ಕೊಂಡಿ.
ಕುರುತ್ ಮಾತ್ರ ತೂಗಲಿಲ್ಲ:
ಮೊಸರು ಹಿಂಡಿ ಒಣಗಿಸಿದ ಉಂಡೆ,
ದವಡೆಯಲ್ಲಿ ಒಂದಿಟ್ಟರೆ ಒಂದು ಏರು ಮುಗಿಯುತ್ತದೆ.
ಅವಳಮ್ಮ ಕೊಟ್ಟ ಉಣ್ಣೆ ಶಾಲು ಮೂರು ಸಲ ಒಳಗೆ ಹೋಗಿ
ಮೂರು ಸಲ ಹೊರಗೆ ಬಂತು.
ನಾಲ್ಕನೆಯ ಸಲ, ಯಾರೂ ನೋಡದಾಗ, ನಾನೇ ತುರುಕಿದೆ.

ಮೂರನೆಯ ದಿನದ ಸಾಲು ಖಾಲಿ.
ನಕ್ಷೆ ತೂತಾಗಿರುವುದು ಅಲ್ಲೇ.
"ಅಲ್ಲೇನಿದೆ, ಎಜೆ?"
ಗಾಳಿ, ಎಂದೆ. ಎದುರುಗಾಳಿ. ಸೈಕಲ್ ತಳ್ಳುತ್ತ
ನನ್ನನ್ನು ನಾನೇ ಬೈದುಕೊಂಡ ಒಂದಿಡೀ ಮಧ್ಯಾಹ್ನ.
ಆಮೇಲೆ ಬೋಳು ದಿಣ್ಣೆ, ಅದರಾಚೆ
ಕುದುರೆಗಳು ನಿಂತೇ ನಿದ್ದೆ ಮಾಡುವ ಹುಲ್ಲು.
"ಎಷ್ಟು ಕಿಲೋಮೀಟರು?"
ಬರೆದಿಟ್ಟುಕೊಂಡಿಲ್ಲ.

ಸೀಟಿನ ಬೋಲ್ಟು ಸಡಿಲಿಸಿ ಎರಡು ಬೆರಳು ಇಳಿಸಿದೆ.
ಅವಳು ನನಗಿಂತ ಗಿಡ್ಡ.
ಹನ್ನೊಂದು ವರ್ಷ ನನ್ನ ಎತ್ತರಕ್ಕೆ ನಿಂತಿದ್ದ ಕೊಳವೆ
ಗ್ರೀಸಿನ ಕಪ್ಪು ಉಂಗುರವೊಂದನ್ನು ಕತ್ತಿನಲ್ಲೇ ಬಿಟ್ಟು ಒಳಗಿಳಿಯಿತು.
ನನ್ನ ಮಂಡಿಯ ಕಥೆ ಬೇಡ. ಡಾಕ್ಟರು ಚಿತ್ರ ತೆಗೆದು ತೋರಿಸಿದ್ದಾರೆ:
ಅದೂ ಒಂದು ನಕ್ಷೆ, ಅಲ್ಲೂ ಒಂದು ಸೇತುವೆ ಹೋಗಿದೆ.

ರಾತ್ರಿ ಹನ್ನೊಂದಕ್ಕೆ ಕೊನೆಯ ಕೆಲಸ,
ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಲ್ಲಿ ಕುಯ್ಯುವುದು.
ಐದು ಗ್ರಾಂ ಉಳಿಯುತ್ತದೆ. ನಗಬೇಡಿ.
ಮೂರು ಸಾವಿರ ಮೀಟರಿನ ಮೇಲೆ
ಐದು ಗ್ರಾಮಿಗೂ ಬಾಯಿ ಬರುತ್ತದೆ.

ಬೆಳಗಿನ ಜಾವ ಹೊರಟರು, ಅವಳೂ ಗೆಳತಿ ಮೀರಿಮಳೂ.
"ಅಕ್ ಜೋಲ್," ಎಂದೆ, ದಾರಿ ಬೆಳ್ಳಗಿರಲಿ.
"ಹಿಮದಷ್ಟು ಬೇಡ," ಎಂದಳು.
ತಿರುವು ದಾಟಿದ ಮೇಲೂ
ಫ್ರೀವೀಲಿನ ಟಿಕಟಿಕ ಸ್ವಲ್ಪ ಹೊತ್ತು ಬೀದಿಯಲ್ಲಿತ್ತು.

ಮುಖ ತೊಳೆಯಲು ಹೋದರೆ
ಲೋಟದಲ್ಲಿ ನನ್ನ ಬ್ರಷ್ಷೂ ಮೋಟು.
ಯಾವ ಹೊತ್ತಿನಲ್ಲಿ ಕುಯ್ದಿತೋ ಈ ಕೈ.
ತುದಿಬೆರಳಲ್ಲಿ ಹಿಡಿದು ಉಜ್ಜಿದೆ.
ಹಿಂದಿನ ದವಡೆಗೆ ತಲುಪಲಿಲ್ಲ.