ಳೆಯ ಬಾಲ

ನೆಹರೂ ಗಂಜಿನ ಹಿಂದೆ ಮುಚ್ಚಿದ ದಾಲ್ ಮಿಲ್ಲು.
ಸುಣ್ಣ ಉದುರಿದರೂ ಬಣ್ಣ ಬಿಟ್ಟಿಲ್ಲ ಗೋಡೆ:
ತೊಗರಿ ಬೇಳೆ.
ಆಳೆತ್ತರದ ಐದು ಅಕ್ಷರ.
ಗ ಕುಕ್ಕರಗಾಲಲ್ಲಿ ಕೂತಿದೆ,
ರಿ ತಲೆ ಮೇಲೆ ಗಂಟು ಹೊತ್ತಿದೆ,
ಕಡೆಯ ಳೆ ಮಾತ್ರ
ಬಾಲ ಇಳಿಸುತ್ತ ಇಳಿಸುತ್ತ ಒಮ್ಮೆ ಅಳುಕಿ
ಸರಕ್ಕನೆ ಬಲಕ್ಕೆ ಹೊರಳಿದೆ.

ನಾನು ಫ್ಲೆಕ್ಸ್ ಅಂಗಡಿಯವ.
ಗಾಡಿ ನಿಲ್ಲಿಸಿ ಮೊಬೈಲಿನಲ್ಲಿ ಹಿಡಿದೆ.
ಕೆಳಗೆ ಗಟಾರದ ಬದಿಗೆ ಚೋಟುದ್ದ ಹಳದಿ ಬರಹ:
ಮಶಾಕ ಪೇಂಟರ್, ರೋಜಾ.
ಅಷ್ಟು ಕತ್ತರಿಸಿದೆ.
ಕೆಟ್ಟ ಮನಸ್ಸಿನಿಂದಲ್ಲ, ಖರೇನೇ ಹೇಳುತ್ತೇನೆ,
ಚೌಕಟ್ಟಿನೊಳಗೆ ಕೂಡಲಿಲ್ಲ, ಅಷ್ಟೇ.

ಒಂದು ರಾತ್ರಿ ಮೌಸ್ ಹಿಡಿದು
ಅಂಚಿಗೆ ಅಂಚು ಕೂಡಿಸಿದೆ.
ಪಾಕೀಟಿನ ಮೇಲೆ ಕೂತು ಸೊಲ್ಲಾಪುರಕ್ಕೆ, ಹೈದರಾಬಾದಿಗೆ
ಲಾರಿಗಟ್ಟಲೆ ಹೋಯಿತು ಬೇಳೆ.
ಎಂಟು ಸಾವಿರ ನನಗೆ.
ಡಿಸೈನ್ ಯಾರದು ಅಂದರು. ನಂದೇ ಅಂದೆ.
ಆ ಮಾತು ಇನ್ನೂ
ಅನ್ನದಲ್ಲಿ ಹಲ್ಲಿಗೆ ಸಿಕ್ಕ ಕಲ್ಲು.

ಒಂದು ಮಧ್ಯಾಹ್ನ ಬಂದ ಮುದುಕ.
ಅಂಗಿ ಕಿಸೆಯಿಂದ ಖಾಲಿ ಪಾಕೀಟು ತೆಗೆದು
ತೊಡೆಯ ಮೇಲಿಟ್ಟು ಮಡಿಕೆ ಸರಿ ಮಾಡಿದ.
"ಈ ಬಾಲ ಹಿಂಗ್ಯಾಕ ಬಳಕ್ಯದ, ಗೊತ್ತದಾ?"
ಸ್ಟೈಲು, ಅಂದೆ.
"ಸ್ಟೈಲಲ್ಲೋ ತಮ್ಮಾ. ನಿಚ್ಚಣಿಕಿ ಹಿಡಿದಾವ
ಚಾ ಕುಡೀಲಾಕ ಹೋಗಿದ್ದ. ಜಾರ್ತು.
ನಾ ಅಂಜಿದ್ದು ಅದು.
ಅಳಿಸಿ ಬರೀತೀನಿ ಅಂದ್ರ
ಸೇಠ ಮತ್ತ ಬಣ್ಣಕ್ಕ ರೊಕ್ಕ ಕೊಡಲಿಲ್ಲ."

ರೊಕ್ಕದ ಮಾತು ನಾನೇ ತೆಗೆದೆ.
ನಾಲ್ಕು ಸಾವಿರ ಬಂತು ಚಾಚಾ, ಅರ್ಧ ನಿಮ್ಮದು.
(ಅರ್ಧ ಸುಳ್ಳಿನ ಅರ್ಧ.)
ಐನೂರರ ನಾಲ್ಕು ನೋಟು ಮೇಜಿನ ಮೇಲೆ.
ಅವನು ಅತ್ತ ನೋಡದೆ
ಗಾಜಿನ ಧೂಳಿನಲ್ಲಿ ಬೆರಳಿಂದ ಳೆ ಬರೆದ,
ಒಂದೇ ಉಸಿರಿಗೆ, ಎಲ್ಲೂ ಅಳುಕದೆ.
"ಹಿಂಗಿರಬೇಕಿತ್ತು."

ಹೊರಡುವಾಗ ಒಂದೇ ನೋಟು ಎತ್ತಿಕೊಂಡ.
"ಇದು ಬಣ್ಣದ್ದು. ಸೇಠನ ಬಾಕಿ.
ನಿಂದು ಬ್ಯಾರೆ ಅದ."

ಧೂಳು ಒರೆಸಿಲ್ಲ ಇನ್ನೂ.
ಕಂಪ್ಯೂಟರಿನಲ್ಲಿ ಅದೇ ಫೈಲು ತೆರೆದು ಕೂತಿದ್ದೇನೆ.
ಬಾಲ ನೆಟ್ಟಗೆ ಮಾಡಿದರೆ
ಅವನದೆಂದು ಉಳಿದದ್ದೂ ಹೋಗುತ್ತದೆ.
ಹಾಗೇ ಬಿಟ್ಟರೆ
ಎಷ್ಟು ಮನೆಯ ಅಡುಗೆ ಕಟ್ಟೆಯ ಮೇಲೆ
ನಿಚ್ಚಣಿಕೆ ತುದಿಯಲ್ಲಿ ಒಬ್ಬ ಅಂಜುತ್ತಲೇ ನಿಂತಿರುತ್ತಾನೆ,
ಕೆಳಗೆ ಹಿಡಿಯುವವರಿಲ್ಲದೆ.

ಸೇವ್ ಒತ್ತಿದೆ.
ಹೆಸರೇನು, ಎಂದು ಕೇಳುತ್ತಿದೆ.