ಹಗ್ಗಕ್ಕೆ ಇಪ್ಪತ್ತೆಂಟು ಗಂಟು

ಡಕಾರಿನ ಮೆದೀನಾದಲ್ಲಿ ನನ್ನ ಅಂಗಡಿ.
ಅಂಗಡಿ ಎಂದರೆ ಎರಡು ಮಷೀನು, ಒಂದು ಇಸ್ತ್ರಿ,
ಹೋದ ವರ್ಷ ಹೊಸ್ತಿಲಲ್ಲೇ ನಿಂತು ಅತ್ತ
ಒಬ್ಬ ಮದುಮಗಳ ತಾಯಿಯ ಶಾಪ.

ದರ್ಜಿಯ ನಾಲಗೆಗೆ ಎಲುಬಿಲ್ಲ,
ಅಳತೆಪಟ್ಟಿಯ ಹಾಗೆ ಎತ್ತ ಬೇಕಾದರೂ ಬಳುಕುತ್ತದೆ:
ನಾಳೆ ಬನ್ನಿ. ನಾಡಿದ್ದು ಖಂಡಿತ. ಗುಂಡಿ ಮಾತ್ರ ಬಾಕಿ.
ಬಟ್ಟೆ ಇನ್ನೂ ಕತ್ತರಿಯ ಮುಖ ಕಂಡಿರುವುದಿಲ್ಲ.

ಈ ಸಲ ಹಾಗಾಗಬಾರದೆಂದು
ಮೊದಲು ಒಂದು ನೋಟ್‌ಬುಕ್ಕು ಹಿಡಿದೆ.
ಬಂದವರದೆಲ್ಲ ಒಂದೇ ತಾರೀಖು: ತಬಾಸ್ಕಿಗೆ ಮುಂಚೆ.
ನೂರಾ ನಲವತ್ತು ಹೆಸರು, ಒಂದೇ ಗಡುವು,
ಕೇರಿಗೆ ಕೇರಿಯೇ ಒಂದು ಸೂಜಿಕಣ್ಣಿನಲ್ಲಿ
ನುಗ್ಗಲು ನಿಂತ ಹಾಗೆ.

ಆಮೇಲೆ ಫೋನು.
ಕೆಲಸ ಕಲಿಯುವ ಹುಡುಗ ಬಿರಾನ್ ಎಲ್ಲ ತುಂಬಿಸಿಕೊಟ್ಟ.
ಒಂದು ಕೆಂಪು ಬೊಟ್ಟು, ಮತ್ತೊಂದು ಕೆಂಪು ಬೊಟ್ಟು,
ಮೂರನೇ ದಿನಕ್ಕೆ ಮೈತುಂಬ.
ಪಾಪ, ದಡಾರ ಎದ್ದಿದೆ ಎಂದು
ಗುಂಡಿಗಳ ಡಬ್ಬಿಯಲ್ಲಿ ಮಲಗಿಸಿದೆ.

ಕೊನೆಗೆ ಸೂಂಬೆದ್ಯೂನಿನ ಮೀನುಗಾರನಿಂದ
ಉಪ್ಪು ನಾರುವ ಹಳೇ ಬಲೆಹಗ್ಗ ತಂದೆ.
ಬಾಗಿಲಿನಿಂದ ಮಷೀನಿನ ನೆತ್ತಿಯವರೆಗೆ ಕಟ್ಟಿದೆ.
ಹಬ್ಬಕ್ಕೆ ಇಪ್ಪತ್ತೆಂಟು ದಿನ, ಇಪ್ಪತ್ತೆಂಟು ಗಂಟು.
ಪ್ರತಿ ಗಂಟಿಗೂ ಕ್ಲಿಪ್ಪು, ಕ್ಲಿಪ್ಪಿಗೆ ಬಟ್ಟೆಯ ಚೂರು,
ಚೂರಿನ ಜೊತೆ ಪಕ್ಕದ ಗ್ಯಾರೇಜಿನ ತುಕ್ಕು ನಟ್ಟು:
ತೋಳು ಮೋಟು ಮಾಡುವುದಕ್ಕೆ ಒಂದು,
ಬೂಬೂಗೆ ನಾಲ್ಕು,
ಕತ್ತಿಗೆ ಕಸೂತಿ ಬೇಕೆಂದರೆ ಒಂಬತ್ತು.
ರಾತ್ರಿಯ ನಮಾಜು ಮುಗಿದ ಮೇಲೆ
ಹಗ್ಗವನ್ನು ಒಂದು ಗಂಟು ನನ್ನತ್ತ ಎಳೆಯುವುದು.
ಗಂಟೆ ನೋಡುವುದು ಬಿಟ್ಟೆ, ಗಂಟು ನೋಡಿದೆ.

ಐದನೇ ದಿನ ಎದ್ದು ನಿಂತರೆ
ಠಣ್ ಎಂದು ಬೋಳುತಲೆಗೆ ಬಡಿಯಿತು.
ಹನ್ನೊಂದನೇ ಗಂಟು ಗಬ್ಬದ ಹಸುವಿನಂತೆ ಜೋತಿತ್ತು.
ಬಿಗಿಯಾಗಿ ಕಟ್ಟಲೇ ಎಂದ ಬಿರಾನ್.
ಬೇಡ ಮಾರಾಯ, ಇರಲಿ.
ಅರವತ್ತು ವರ್ಷ ನನ್ನ ತಲೆಗೆ ಹೋಗದ್ದು
ಈಗ ತಲೆಗೇ ಬಡಿಯುತ್ತಿದೆ.

ಹಬ್ಬಕ್ಕೆ ಎಂಟು ದಿನವಿದ್ದಾಗ ಬಂದಳು ಅರಾಮ್ ಗೆಯ್.
ಹೆಸರಷ್ಟೇ ಅರಾಮ್, ನಿಂತ ನೆಲಕ್ಕೂ ಆರಾಮಿಲ್ಲ.
ಆರು ಮೀಟರ್ ಬಜಾನ್, ಗಂಜಿ ಹಾಕಿ ಬಡಿದು
ಹೊಳಪು ಬರಿಸಿದ ನೇರಳೆ ಬಟ್ಟೆ.
ನಾನು ಮಾತಾಡಲಿಲ್ಲ. ಹಗ್ಗ ತೋರಿಸಿದೆ.
ಅವಳು ನೋಡಿದಳು. ಸೆರಗು ಸಿಕ್ಕಿಸಿ
ಎರಡೂ ಕೈಯಲ್ಲಿ ಆ ಜೋತ ಗಂಟನ್ನು ಎತ್ತಿ ಹಿಡಿದಳು:
ಹಿಡಿದೇ ಇರುತ್ತೇನೆ ಗೋರ್ಗಿ, ನೀನು ಹೊಲಿ.

ನಕ್ಕೆವು. ಆದರೆ ಅವಳು ಹೋಗಲಿಲ್ಲ.
ಮೂರು ಸಂಜೆ ನನ್ನ ಸ್ಟೂಲಿನ ಮೇಲೆ ಕುಳಿತು
ಗುರುತಿಲ್ಲದವರ ಅಂಗಿಗಳಿಗೆ ಗುಂಡಿ ಹಚ್ಚಿದಳು,
ಹಲ್ಲಿನಲ್ಲಿ ದಾರ ಕಡಿಯುತ್ತ, ಅವರವರ ಗುಂಡಿಯ ಅಭಿರುಚಿಗೆ
ಧಾರಾಳವಾಗಿ ಬೈಯುತ್ತ.
ಮೂರನೇ ಸುತ್ತಿನ ಚಹಾ ಬರುವ ಹೊತ್ತಿಗೆ
ನನ್ನ ತಲೆಯ ಮೇಲೆ ನಾಲ್ಕು ಬೆರಳು ಜಾಗ ಬಂದಿತ್ತು.
ಈ ಲೆಕ್ಕಕ್ಕೆ ಯಾವ ನಟ್ಟು ಕಟ್ಟುವುದು?
ನನ್ನ ಹಗ್ಗಕ್ಕೆ ಅದು ಗೊತ್ತಿಲ್ಲ.

ಇನ್ನೊಂದು ದೋಷವಿತ್ತು, ಯಾರಿಗೂ ಹೇಳಿರಲಿಲ್ಲ.
ಬಿಳಿಯ ಚೂರೊಂದು, ನನ್ನದೇ ಅಂಗಿಯದು.
ದಿನಾ ಹಗ್ಗ ಎಳೆದ ಮೇಲೆ ಅದೊಂದನ್ನು ಕಿತ್ತು
ಹಿಂದಿನ ಗಂಟಿಗೆ ಸಿಕ್ಕಿಸುತ್ತಿದ್ದೆ.
ಗಡುವಿಗೂ ನಾಳೆ ಬಾ ಎನ್ನುವ ದರ್ಜಿ ನಾನು.

ಹಬ್ಬದ ಬೆಳಗು. ಓಣಿಯ ತುಂಬ ಕುರಿಗಳ ಬ್ಯಾ.
ಹಗ್ಗ ಬೋಳಾಗಿ ನೆಟ್ಟಗೆ ನಿಂತಿದೆ.
ಇಸ್ತ್ರಿಯ ಮೇಜಿನ ಮೇಲೆ ಬಿಳಿಯ ಅಂಗಿ,
ಪಕ್ಕದಲ್ಲಿ ಬಿರಾನ್, ಕಣ್ಣು ಕೆಂಡ.
ಯಾವಾಗ ಹೊಲಿದೆಯೋ ಎಂದೆ.
ಕೊನೆಯ ಗಂಟಿನಲ್ಲಿ ಇತ್ತಲ್ಲ ಎಂದ.

ಬಲತೋಳು ಎರಡು ಬೆರಳು ಗಿಡ್ಡ.
ಬಿಚ್ಚಿ ಸರಿಮಾಡಲು ಅರ್ಧ ಗಂಟೆ ಸಾಕು,
ಒಂದು ನಟ್ಟಿನ ಕೆಲಸ.
ನಮಾಜಿಗೆ ಕೈ ಎತ್ತಿದಾಗ ಮಣಿಕಟ್ಟು
ಊರಿಗೆಲ್ಲ ಕಾಣುವಂತೆ ಹೊರಗಿತ್ತು.